ಎಲ್ಲದಕ್ಕೂ ಹೌದು

ಕೊಪ್ಪ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಟೈಪ್‌ರೈಟಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದ ರಘುಪತಿಯ ಬಾಯಿಂದ ‘ಇಲ್ಲ’ ಅಥವಾ ‘ಬೇಡ’ ಎಂಬ ಶಬ್ದ ಬಂದದ್ದನ್ನು ಕೇಳಿದವರು ಊರಿನಲ್ಲಿ ಇರಲಿಲ್ಲ. ಯಾರು ಏನು ಕೇಳಿದರೂ, ಅವರು ಕೇಳಿ ಮುಗಿಸುವ ಮೊದಲೇ ‘ಹೌದು’ ಎಂದುಬಿಡುತ್ತಿದ್ದ. ಒಂದು ಭಾನುವಾರ ಹರಿಹರಪುರದ ಗೃಹಪ್ರವೇಶಕ್ಕೂ, ಶೃಂಗೇರಿಯ ಉಪನಯನಕ್ಕೂ, ಬಾಳೆಹೊನ್ನೂರಿನ ನಾಮಕರಣಕ್ಕೂ ಖಂಡಿತ ಬರುತ್ತೇನೆಂದು ಮಾತು ಕೊಟ್ಟು, ಯಾವ ಬಸ್ಸು ಹತ್ತುವುದೆಂದು ತೀರ್ಮಾನವಾಗದೆ ನಿಲ್ದಾಣದಲ್ಲೇ ಮಧ್ಯಾಹ್ನದವರೆಗೆ ನಿಂತು ಮನೆಗೆ ವಾಪಸು ಬಂದಿದ್ದ. ಮೂರೂ ಮನೆಯವರಿಗೆ ಸಿಟ್ಟು ಬಂದಿತ್ತು. ಕಾಫಿಯೋ ಚಹವೋ ಎಂದು ಕೇಳಿದರೂ ‘ಹೌದು’ ಎನ್ನುತ್ತಿದ್ದ. ಕೇಳಿದವರು ಒಲೆಯ ಮೇಲೆ ಇದ್ದದ್ದನ್ನು ತಂದು ಕೊಡುತ್ತಿದ್ದರು.

‘ಇಲ್ಲ’ ಎನ್ನುವ ಖಾತೆಯನ್ನು ಮನೆಯಲ್ಲಿ ಹೆಂಡತಿ ದೇವಕಿ ನೋಡಿಕೊಳ್ಳುತ್ತಿದ್ದಳು. ರಘುಪತಿ ಬೀದಿಯಲ್ಲಿ ಒಪ್ಪಿಕೊಂಡು ಬಂದದ್ದನ್ನೆಲ್ಲ ಅವಳು ಹೊಸ್ತಿಲಲ್ಲಿ ನಿಂತು ರದ್ದು ಮಾಡುತ್ತಿದ್ದಳು. ಅವಳಿಗೆ ಆಗಬೇಕಾಗಿದ್ದದ್ದು ಒಂದೇ ಕೆಲಸ: ತಮ್ಮನ ಮದುವೆ.

ತಂದೆ ತಾಯಿ ಬೇಗ ತೀರಿಕೊಂಡಿದ್ದರಿಂದ ತಮ್ಮ ಅಕ್ಕನ ಮನೆಯಲ್ಲೇ ಬೆಳೆದಿದ್ದ. ಮೇಲಿನ ಪೇಟೆಯಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದ. ಮೂವತ್ತಾರು ದಾಟಿತ್ತು. ಹುಬ್ಬಿನ ಮೇಲೆ ಸದಾ ಹಿಟ್ಟು ಇರುತ್ತಿತ್ತು, ತಲೆಯ ಮೇಲೆ ಕೂದಲು ಇರಲಿಲ್ಲ. ಮಾತು ಕಡಿಮೆ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿಯಂತೆ ಅವನಿಗೆ ಸುಬ್ಬರಾಯ ಎಂದು ಹೆಸರಿಟ್ಟಿದ್ದರು. ಆದರೆ ಅಜ್ಜಿ ಗಂಡನ ಹೆಸರು ಹೇಳುವಂತಿರಲಿಲ್ಲ. ಹಾಗಾಗಿ ತೊಟ್ಟಿಲು ತೂಗಿದ ದಿನವೇ ಆ ಹೆಸರನ್ನು ಎತ್ತಿಟ್ಟು, ಹುಡುಗ ಎಂಬ ಅರ್ಥದಲ್ಲಿ ‘ಮಾಣಿ’ ಎಂದು ಕರೆದರು. ಅಕ್ಕನಿಗೂ ಭಾವನಿಗೂ ಪೇಟೆಗೂ ಅವನು ಮಾಣಿಯೇ. ಆ ಸೀಮೆಯ ಹೆಚ್ಚಿನ ಮನೆಗಳ ಕತೆಯೂ ಇದೇ. ಮೂರು ತಾಲ್ಲೂಕಿನಲ್ಲಿ ಒಟ್ಟು ಎಷ್ಟು ಸುಬ್ಬರಾಯರಿದ್ದಾರೆಂಬುದು ಮತದಾರರ ಪಟ್ಟಿಗೆ ಮಾತ್ರ ಗೊತ್ತಿತ್ತು.

ಎರಡು ಸಾವಿರದ ಎಂಟರ ದೀಪಾವಳಿ ಕಳೆದ ಮೇಲೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ವಧೂವರ ವೇದಿಕೆಯ ಸಭೆ ಸೇರಿತು. ಹುಡುಗರ ಫೋಟೊವನ್ನು ಲಕೋಟೆಯಲ್ಲಿಟ್ಟು ಮನೆಮನೆ ತಿರುಗುವ ಕಾಲ ಮುಗಿಯಿತೆಂದೂ, ಶಿವಮೊಗ್ಗದ ಸಂದೇಶ ಎಂಬವರಿಂದ ವೇದಿಕೆಗೊಂದು ವೆಬ್‌ಸೈಟ್ ಮಾಡಿಸಲಾಗಿದೆಯೆಂದೂ ಅಧ್ಯಕ್ಷರು ಘೋಷಿಸಿದರು. ಮನೆಯವರು ಮೊದಲೇ ಬರೆದು ಕಳಿಸಿದ್ದ ವಿವರಗಳನ್ನು ಸಂದೇಶನೇ ತುಂಬಿದ್ದ. ಹುಡುಗ ಹುಡುಗಿಯರ ಫೋಟೊ ಮಾತ್ರ ಬಾಕಿ ಇತ್ತು.

“ಕಂಪ್ಯೂಟರಿಗೆ ಇದನ್ನೆಲ್ಲ ಏರ್‍ಸೋದು ಇಲ್ಲಿ ಯಾರಿಗಾದ್ರೂ ಬರ್ತದಾ?” ಎಂದು ಅಧ್ಯಕ್ಷರು ಕೇಳಿದರು.

“ಹೌದು,” ಎಂದು ಹಿಂದಿನ ಸಾಲಿನಿಂದ ಒಂದು ಧ್ವನಿ ಬಂತು.

ರಘುಪತಿಯ ಬಳಿ ಕಂಪ್ಯೂಟರ್ ಇದ್ದದ್ದು ನಿಜ. ಟೈಪಿಂಗ್ ಕಲಿಯುವವರು ಕಡಿಮೆಯಾದ ಮೇಲೆ ಕಿಟಕಿಯ ಪಕ್ಕದ ಎರಡು ಯಂತ್ರ ಎತ್ತಿಸಿ ಅಲ್ಲೊಂದು ಕಂಪ್ಯೂಟರ್ ಕೂರಿಸಿದ್ದ, ಇಂಟರ್‌ನೆಟ್ ತೆಗೆದುಕೊಂಡಿದ್ದ, ಬೋರ್ಡಿನ ಮೇಲೆ ಅದನ್ನು ಬರೆಸಿಯೂ ಇದ್ದ. ಉಳಿದ ಟೈಪ್‌ರೈಟರುಗಳು ರೆಕ್ಸಿನ್ ಕವರ್ ಹೊದ್ದು ಸಾಲಾಗಿ ಕೂತಿದ್ದವು. ಕಂಪ್ಯೂಟರಿಗೂ ಅಂಥದೇ ಕವರ್ ಹೊಲಿಸಿದ್ದ. ಅವುಗಳ ಮೇಲಿನ ಗೋಡೆಯಲ್ಲಿ ರಘುಪತಿಯ ಅಪ್ಪ ಇನ್‌ಸ್ಟಿಟ್ಯೂಟ್ ಶುರು ಮಾಡಿದ ದಿನದಿಂದ ಒಂದು ಇಂಗ್ಲಿಷ್ ಫಲಕ ತೂಗುತ್ತಿತ್ತು: ಕೆಲಸ ಮುಗಿದ ಮೇಲೆ ಕವರ್ ‘ರೀಪ್ಲೇಸ್’ ಮಾಡಿ. ಅಂದರೆ, ತೆಗೆದ ಕವರನ್ನು ಮತ್ತೆ ಅದರ ಜಾಗಕ್ಕೆ ಹಾಕಿ. ಕೊಪ್ಪದ ಎರಡು ತಲೆಮಾರು ಆ ಇಂಗ್ಲಿಷ್ ಶಬ್ದವನ್ನು ಅಲ್ಲಿಯೇ, ಅದೇ ಅರ್ಥದಲ್ಲಿ ಕಲಿತಿತ್ತು. ಈ ಸಂಗತಿ ಮುಂದೆ ಬೇಕಾಗುತ್ತದೆ.

ಮಾಣಿಯ ವಿವರ ಕಳಿಸುವಾಗ ರಘುಪತಿಯೇ ಕೂತು ಬರೆದಿದ್ದ. ಉದ್ಯೋಗ, ಗೋತ್ರ, ನಕ್ಷತ್ರ ಎಲ್ಲ ಆದ ಮೇಲೆ ಹವ್ಯಾಸ ಏನೆಂದು ಕೇಳಿದಾಗ ಮಾಣಿ ಬಹಳ ಹೊತ್ತು ಯೋಚಿಸಿ, “ಸಂಜೆ ಗಿರಣಿ ಮುಚ್ಚಿದ ಮೇಲೆ ಸುಮ್ನೆ ಕೂರ್ತೇನೆ ಭಾವ,” ಎಂದಿದ್ದ.

“ಅದು ಹವ್ಯಾಸ ಆಗ್ತದಾ?” ಎಂದು ದೇವಕಿ ಒಳಗಿನಿಂದ ಕೇಳಿದಳು. “ಸಂಗೀತ ಅಂತ ಬರೀರಿ.”

“ಸಂಗೀತ ನಂಗೆ ಬರಲ್ಲ ಅಕ್ಕ.”

ರಘುಪತಿ ಇಬ್ಬರಿಗೂ ‘ಹೌದು’ ಎಂದು, ಮೊದಲು ಹೇಳಿದವನು ಮಾಣಿಯಾದ್ದರಿಂದ ಮಾಣಿ ಹೇಳಿದ್ದನ್ನೇ ಬರೆದ.

ಮೂರು ತಾಲ್ಲೂಕಿನ ಫೋಟೊಗಳು ಬಂದು ಮೇಜು ತುಂಬಿದವು. ರಘುಪತಿ ಒಂದೊಂದನ್ನೂ ಸ್ಕ್ಯಾನ್ ಮಾಡಿ ಇಟ್ಟ. ಶಿವಮೊಗ್ಗದಿಂದ ಸಂದೇಶ ಫೋನಿನಲ್ಲಿ ವಿಧಾನ ಹೇಳಿದ.

“ಒಂದೊಂದೇ ಹಾಕ್ತಾ ಕೂರ್ಬೇಡಿ ಸರ್. ಎಲ್ಲಾ ಫೈಲನ್ನೂ ಒಟ್ಟಿಗೆ ಸೆಲೆಕ್ಟ್ ಮಾಡಿ ಬಿಟ್ಬಿಡಿ. ತಾನಾಗೇ ಮೇಲೆ ಹೋಗ್ತದೆ. ಫೋಟೊ ನನ್ ಕಂಪ್ಯೂಟರಲ್ಲೂ ಇರಲ್ಲ, ನಿಮ್ದರಲ್ಲೂ ಇರಲ್ಲ. ಕ್ಲೌಡಲ್ಲಿ ಇರ್ತದೆ.”

“ಹೌದು.”

“ಒಂದೇ ವಿಷಯ. ಫೈಲಿಗೆ ಬರೀ ಹೆಸರು ಕೊಡ್ಬೇಡಿ. ಹೆಸರಿನ ಜೊತೆ ನೋಂದಣಿ ನಂಬರೂ ಹಾಕಿ. ಮರೀಬೇಡಿ.”

“ಹೌದು ಹೌದು.”

“ಮರೀಬೇಡಿ ಅಂದೆ ಸರ್.”

“ಹೌದು.”

ಪಕ್ಕದಲ್ಲಿ ಬಟ್ಟೆ ಹೊಲಿಯುವ ಅಂಗಡಿ ಇಟ್ಟಿದ್ದ ಕಮಲ ಇದನ್ನೆಲ್ಲ ಬಾಗಿಲಿಗೆ ಒರಗಿ ಕೇಳಿಸಿಕೊಳ್ಳುತ್ತಿದ್ದಳು. “ಕ್ಲೌಡ್ ಅಂದ್ರೆ ಮೋಡ ಅಲ್ದಾ ರಘುಪತಣ್ಣ? ನಮ್ಮ ಹುಡುಗ್ರನ್ನ ಮೋಡಕ್ಕೆ ಏರ್‍ಸ್ತೀರಾ? ನೆಲದ ಮೇಲೆ ಇದ್ದಾಗ್ಲೇ ಯಾರೂ ಕೇಳಲ್ಲ!”

ರಘುಪತಿ ಹೆಸರುಗಳನ್ನು ಟೈಪ್ ಮಾಡಲು ಕೂತ. ಹತ್ತೂ ಬೆರಳಿನಿಂದ, ಕೀಲಿಮಣೆ ನೋಡದೆ, ಒಂದು ಅಕ್ಷರವೂ ತಪ್ಪದಂತೆ ಟೈಪ್ ಮಾಡಿದ. ನಂಬರನ್ನು ಮಾತ್ರ ಹಾಕಲಿಲ್ಲ. ಯಾಕೆಂದು ಕಮಲ ಕೇಳಿದ್ದಕ್ಕೆ, “ಮದುವೆ ಗಂಡುಗಳು ಮಾರಾಯ್ತಿ, ಜೈಲಿನವರಲ್ಲ,” ಎಂದ. ಹೆಸರಿದ್ದವರನ್ನು ನಂಬರಿನಿಂದ ಕರೆಯುವುದು ಮರ್ಯಾದೆಯಲ್ಲ ಎಂಬುದು ಅವನ ನಿಲುವಾಗಿತ್ತು. ಜೀವನದಲ್ಲಿ ಅವನು ಒಂದು ನಿಲುವು ತಾಳಿದ್ದು ಅದೇ ಮೊದಲು.

ಎಲ್ಲ ಫೈಲುಗಳನ್ನು ಒಟ್ಟಿಗೆ ಆರಿಸಿ ಬಿಟ್ಟ. ಪರದೆಯ ಮೇಲೆ ಹಸಿರು ಪಟ್ಟಿಯೊಂದು ಬಸವನಹುಳುವಿನಂತೆ ತೆವಳತೊಡಗಿತು. ವೇದಿಕೆಯ ಲೆಟರ್‌ಹೆಡ್ಡಿನ ಕ್ರಮದಲ್ಲೇ ಮೊದಲು ಕೊಪ್ಪದವರು ಹೋದರು. ಶೃಂಗೇರಿಯವರ ಸರದಿ ಬಂದಾಗ ಪಟ್ಟಿ ನಿಂತು ಒಂದು ಪ್ರಶ್ನೆ ಮೂಡಿತು.

ರಘುಪತಿ ಕನ್ನಡಕ ಸರಿಮಾಡಿಕೊಂಡು ಓದಿದ. “ಸುಬ್ಬರಾಯ ಈಗಾಗ್ಲೇ ಇದ್ದಾನೆ ಅಂತ ಹೇಳ್ತಾ ಉಂಟು.”

“ಇರದೆ ಎಲ್ಲಿಗೆ ಹೋಗ್ತಾನೆ?” ಎಂದಳು ಕಮಲ.

“ರೀಪ್ಲೇಸ್ ಮಾಡ್ಬೇಕಾ ಅಂತ ಕೇಳ್ತಾ ಉಂಟು.”

ಇಬ್ಬರೂ ಒಟ್ಟಿಗೆ ಗೋಡೆಯ ಫಲಕದ ಕಡೆ ನೋಡಿದರು. ತೆಗೆದದ್ದನ್ನು ಮತ್ತೆ ಅದರ ಜಾಗಕ್ಕೆ ಇಡಬೇಕೇ ಎಂದು ಯಂತ್ರ ವಿನಯದಿಂದ ಕೇಳುತ್ತಿತ್ತು. ಬೇಡವೆನ್ನಲು ಕಾರಣವೇ ಇರಲಿಲ್ಲ. ಪ್ರಶ್ನೆಯ ಕೆಳಗೆ ಮೂರು ಗುಂಡಿಗಳಿದ್ದವು: ‘ಯೆಸ್’, ‘ನೋ’, ‘ಯೆಸ್ ಟು ಆಲ್’. ಮೂರನೆಯದು ರಘುಪತಿಯ ಅಳತೆ ತೆಗೆದು ಹೊಲಿದಂತಿತ್ತು. ಒಮ್ಮೆ ಒತ್ತಿದರೆ ಮುಂದೆ ಕೇಳಲಿರುವ ಪ್ರಶ್ನೆಗಳಿಗೆಲ್ಲ ಮೊದಲೇ ಹೌದು ಎಂದಂತೆ. ನಲವತ್ತೆಂಟು ವರ್ಷ ತಾನು ಕೈಯಿಂದ ಮಾಡಿಕೊಂಡು ಬಂದ ಕೆಲಸಕ್ಕೆ ಯಾರೋ ಯಂತ್ರ ಕಂಡುಹಿಡಿದಿದ್ದಾರೆಂದು ಅವನಿಗೆ ಸಂತೋಷವಾಯಿತು. ಒತ್ತಿದ.

ಮೋಡದಲ್ಲಿ ಆದದ್ದು ಇಷ್ಟು. ಕೊಪ್ಪದ ಸುಬ್ಬರಾಯನ, ಅಂದರೆ ಮಾಣಿಯ ಫೋಟೊ ಇದ್ದ ಜಾಗದಲ್ಲಿ ಶೃಂಗೇರಿಯ ಸುಬ್ಬರಾಯನ ಫೋಟೊ ಕೂತಿತು. ಆಮೇಲೆ ನರಸಿಂಹರಾಜಪುರ ತಾಲ್ಲೂಕಿನ ಸರದಿ ಬಂದು, ಅದನ್ನೂ ಎಬ್ಬಿಸಿ ಮುತ್ತಿನಕೊಪ್ಪದ ಸುಬ್ಬರಾಯನ ಫೋಟೊ ಕೂತಿತು. ಈ ಕೊನೆಯವನಿಗೆ ದಟ್ಟ ಕೂದಲು, ತಿದ್ದಿದ ಮೀಸೆ, ನೆಟ್ಟಗಿನ ಮೂಗು. ಹೆಸರು ನೋಡಿ ಫೋಟೊ ಜೋಡಿಸುವ ವೆಬ್‌ಸೈಟು ಮೂವರು ಸುಬ್ಬರಾಯರ ವಿವರದ ಪಕ್ಕದಲ್ಲೂ ಈ ಒಂದೇ ಮುಖವನ್ನು ತೋರಿಸತೊಡಗಿತು. ಕೊನೆಯಲ್ಲಿ ಯಂತ್ರ ಎಲ್ಲವೂ ಯಶಸ್ವಿ ಎಂದು ವರದಿ ಮಾಡಿತು. ಅದನ್ನು ತೆರೆದು ಪರೀಕ್ಷಿಸುವುದು ಅಪನಂಬಿಕೆ ತೋರಿಸಿದಂತಾಗುತ್ತದೆಂದು ರಘುಪತಿ ಕವರನ್ನು ರೀಪ್ಲೇಸ್ ಮಾಡಿ ಮನೆಗೆ ಹೋದ.

ಹದಿನೈದು ದಿನದೊಳಗೆ ಬಾಳೆಹೊನ್ನೂರಿನಿಂದ ಫೋನ್ ಬಂತು. ಮಾತಾಡಿದವರು ಕೃಷ್ಣಪ್ಪಯ್ಯ. ಅವರ ಮಗಳು ಶ್ರೀವಿದ್ಯಾ ಅಲ್ಲಿಯ ಶಾಲೆಯಲ್ಲಿ ಟೀಚರ್. ವೆಬ್‌ಸೈಟಿನಲ್ಲಿ ಸುಬ್ಬರಾಯನ ವಿವರ ನೋಡಿದ್ದಾರೆ, ಜಾತಕ ಕೂಡುತ್ತದೆ, ಹುಡುಗನನ್ನು ನೋಡಲು ಬರಬಹುದೇ?

“ಹೌದು,” ಎಂದ ರಘುಪತಿ. ಆ ಒಂದು ‘ಹೌದ’ನ್ನು ಮಾತ್ರ ದೇವಕಿ ರದ್ದು ಮಾಡಲಿಲ್ಲ. ಎಷ್ಟೋ ವರ್ಷಗಳಿಂದ ಗಂಡು ನೋಡಲು ಯಾರೂ ಅವರ ಮನೆಯ ಮೆಟ್ಟಿಲು ಹತ್ತಿರಲಿಲ್ಲ. ಅವಳು ಮಾಣಿಗೆ ಎರಡು ಸಲ ಸ್ನಾನ ಮಾಡಿಸಿ, ಹುಬ್ಬಿನ ಹಿಟ್ಟನ್ನು ಸ್ವತಃ ತಿಕ್ಕಿ ತೆಗೆದಳು.

ಕೃಷ್ಣಪ್ಪಯ್ಯ, ಅವರ ಅಕ್ಕ, ಮಗಳು ಮೂವರೂ ಬಂದು ಕೂತರು. ಮಾಣಿ ಎದುರಿಗೇ ಕೂತಿದ್ದ. ಬಸ್ಸಿನ ವಿಷಯ, ರಸ್ತೆಯ ವಿಷಯ, ಅಡಿಕೆಗೆ ಬಂದ ಕೊಳೆರೋಗದ ವಿಷಯ ಎಲ್ಲ ಮುಗಿದವು. ದೇವಕಿ ಒಳಗೆ ಕಾಫಿ ಸೋಸುತ್ತಿದ್ದಳು. ಅವಳು ಒಳಗಿದ್ದದ್ದೇ ಅನರ್ಥಕ್ಕೆ ಕಾರಣವಾಯಿತು.

“ಹುಡುಗ ಇನ್ನೂ ಬಂದಿಲ್ವಾ ಮಾರಾಯ್ರೆ?” ಎಂದರು ಕೃಷ್ಣಪ್ಪಯ್ಯ.

“ಇವನೇ,” ಎಂದ ರಘುಪತಿ.

ಕೃಷ್ಣಪ್ಪಯ್ಯ ಮಾಣಿಯನ್ನು ನೋಡಿದರು. ಜೇಬಿನಿಂದ ಮಡಿಸಿದ ಪ್ರಿಂಟ್ ತೆಗೆದು ಅದನ್ನು ನೋಡಿದರು. ಮತ್ತೆ ಮಾಣಿಯನ್ನು ನೋಡಿದರು. ಕಾಗದವನ್ನು ರಘುಪತಿಯ ಕೈಗೆ ಕೊಟ್ಟರು. ಅದರಲ್ಲಿ ಮಾಣಿಯ ವಿವರ ಇತ್ತು, ಯಾರದೋ ಮೀಸೆ ಇತ್ತು.

“ಇದು ಸುಬ್ಬರಾಯ ಅಲ್ದಾ?”

“ಹೌದು.”

“ಇವ್ರೂ ಸುಬ್ಬರಾಯ?”

“ಹೌದು.”

“ಹಾಗಾದ್ರೆ ಈ ಮೀಸೆ? ತೆಗೆಸಿದ್ರಾ?”

“ಹೌದು,” ಎಂದ ರಘುಪತಿ.

“ಕೂದ್ಲು?”

“ಹೌದು.”

“ಅಯ್ಯೋ, ಹರಕೆ ಇತ್ತೇನ?” ಎಂದು ಕೃಷ್ಣಪ್ಪಯ್ಯನವರ ಅಕ್ಕ ಭಕ್ತಿಯಿಂದ ಕೇಳಿದರು.

“ಹೌದು.”

“ಧರ್ಮಸ್ಥಳದಲ್ಲಿ ಕೊಟ್ಟದ್ದಾ, ತಿರುಪತಿಯಲ್ಲಾ?”

“ಹೌದು.”

“ಎರಡೂ ಕಡೆ!” ಎಂದು ಅವರು ಕೈಮುಗಿದರು. ಮಾಣಿಯ ಮುಖವನ್ನು ಇನ್ನೊಮ್ಮೆ ನೋಡಿ, “ಮೂಗೂ ಸ್ವಲ್ಪ ಬೇರೆ ಕಾಣ್ತದೆ,” ಎಂದರು.

“ಹೌದು,” ಎಂದ ರಘುಪತಿ. ಆ ಮೂಗು ಯಾವ ಕ್ಷೇತ್ರಕ್ಕೆ ಸಂದಿತೆಂದು ಯಾರೂ ಕೇಳಲಿಲ್ಲ.

ಮಾಣಿ ಕಾಗದವನ್ನು ನೋಡಿದ, ಭಾವನನ್ನು ನೋಡಿದ, ತಲೆ ತಗ್ಗಿಸಿದ. ಬಂದವರ ಎದುರಿಗೆ ಭಾವನ ಮಾತನ್ನು ಅಲ್ಲವೆನ್ನುವುದು ಆ ಮನೆಯಲ್ಲಿ ಬೆಳೆದವನಿಂದ ಆಗುವ ಕೆಲಸವಲ್ಲ.

ಹುಡುಗ ಹುಡುಗಿ ನಾಲ್ಕು ಮಾತಾಡಲಿ ಎಂದು ಹಿರಿಯರು ಅವರನ್ನು ಜಗಲಿಗೆ ಕಳಿಸಿದರು. ಬಾಗಿಲ ಪಕ್ಕದಲ್ಲೇ ಕೂತಿದ್ದ ರಘುಪತಿಗೆ ಮಾತು ಕೇಳಿಸುತ್ತಿತ್ತು.

“ಗಿರಣಿಯಿಂದ ತಂದ ಹಿಟ್ಟು ಒಂದೊಂದ್ಸಲ ಬಿಸಿ ಇರ್ತದಲ್ಲ, ಯಾಕೆ?” ಎಂದಳು ಶ್ರೀವಿದ್ಯಾ.

“ಕಲ್ಲು ಬಿಗಿ ಆದ್ರೆ ಬಿಸಿ ಬರ್ತದೆ. ಬೇಗ ಮುಗೀಲಿ ಅಂತ ಬಿಗಿ ಮಾಡ್ತಾರೆ. ರುಚಿ ಹೋಗ್ತದೆ. ನಾನು ಸಡಿಲ ಇಡ್ತೇನೆ. ಜನ ನಿಧಾನ ಅಂತ ಬೈತಾರೆ.”

“ಬೈದ್ರೆ ಎಂತ ಮಾಡ್ತೀರಿ?”

“ಕೇಳಿಸ್ಕೊಳ್ತೇನೆ. ಗಿರಣಿ ಶಬ್ದಕ್ಕೆ ಅರ್ಧ ಕೇಳೂದಿಲ್ಲ.”

ಶ್ರೀವಿದ್ಯಾ ನಕ್ಕಳು. ಒಳಗೆ ಕಾಫಿ ಲೋಟ ಜೋಡಿಸುತ್ತಿದ್ದ ದೇವಕಿ ಆ ನಗು ಕೇಳಿ ದೇವರ ಗೂಡಿನ ಕಡೆ ತಿರುಗಿದಳು. ಅಷ್ಟರಲ್ಲಿ ಶ್ರೀವಿದ್ಯಾ ಕೇಳಿದಳು: “ಅಲ್ಲ, ಹರಕೆ ಎಂತಕ್ಕೆ ಹೊತ್ತಿದ್ರಿ?”

ಮಾಣಿಯ ಧ್ವನಿ ಬಂತು. “ಅದು... ಭಾವನನ್ನೇ ಕೇಳ್ಬೇಕು.”

ಮತ್ತೆ ನಗು ಕೇಳಿಸಲಿಲ್ಲ.

ಹೊರಡುವಾಗ ಕೃಷ್ಣಪ್ಪಯ್ಯ ಸಜ್ಜನಿಕೆಯಿಂದಲೇ ಹೇಳಿದರು: “ಕೂದ್ಲು ಬರ್ಲಿ ರಘುಪತಿಗಳೇ. ಆಮೇಲೆ ಒಂದ್ಸಲ ಕೂತು ಮಾತಾಡುವ.”

ಅವರು ಬೀದಿಯ ತಿರುವು ದಾಟುವವರೆಗೆ ಕಾದು ದೇವಕಿ ಕೇಳಿದಳು: “ಯಾರ ಕೂದ್ಲು?”

ರಘುಪತಿ ಹೇಳಿದ. ದೇವಕಿ ಗೋಡೆಗೆ ಕೈ ಊರಿ ನಿಂತಳು. “ಅವನ ತಲೆ ಬೋಳಾಗಿ ಹತ್ತು ವರ್ಷ ಆಯ್ತಲ್ರಿ! ಎಲ್ಲಿಂದ ಬರ್ತದೆ? ‘ಫೋಟೊ ತಪ್ಪಿದೆ’ ಅಂತ ಎರಡು ಮಾತು ಹೇಳಿದ್ರೆ ಮುಗೀತಿತ್ತಲ್ಲ. ಈಗ್ಲೇ ಫೋನ್ ಮಾಡಿ ನಿಜ ಹೇಳಿ.”

“ಹೌದು,” ಎಂದ ರಘುಪತಿ.

ಆದರೆ ಅಂದು ಫೋನ್ ಮಾಡಲಿಲ್ಲ. ಅವರು ಇನ್ನೂ ಬಸ್ಸಿನಲ್ಲಿರಬಹುದು ಎಂದ. ಮರುದಿನ ಅಮಾವಾಸ್ಯೆ ಎಂದ. ಆಮೇಲೆ ಸಂದೇಶನನ್ನು ಕೇಳಿ ತಪ್ಪು ಎಲ್ಲಿ ಆಯಿತೆಂದು ತಿಳಿದುಕೊಂಡೇ ಮಾಡುತ್ತೇನೆಂದ. ಸಂದೇಶನಿಗೂ ಮಾಡಲಿಲ್ಲ. ಈ ನಡುವೆ ಕಮಲ, ತನ್ನ ಚಿಕ್ಕಪ್ಪನಿಗೆ ಗರುಗದ ಸೊಪ್ಪಿನ ಎಣ್ಣೆ ಹಚ್ಚಿ ನಾಲ್ಕು ಕೂದಲು ಬಂದಿತ್ತೆಂದು ಹೇಳಿದಳು. ಹಚ್ಚಿ ನೋಡಬಹುದಲ್ಲ ಎಂದಳು. ರಘುಪತಿ ಹೌದು ಎಂದ. ಮಾಣಿ ದಿನವೂ ಎಣ್ಣೆ ಹಚ್ಚಿ ಗಿರಣಿಗೆ ಹೋಗತೊಡಗಿದ. ಗಾಳಿಯಲ್ಲಿದ್ದ ಹಿಟ್ಟೆಲ್ಲ ತಲೆಗೆ ಹತ್ತಿ ಮಧ್ಯಾಹ್ನದೊಳಗೆ ಚಪಾತಿಗೆ ಕಲಸಿಟ್ಟ ಮುದ್ದೆಯಂತೆ ಕಾಣುತ್ತಿದ್ದ. ಕೂದಲು ಬರಲಿಲ್ಲ.

ಕೂದಲಿನ ಬದಲು ಪೊಲೀಸರು ಬಂದರು. ಹೆಡ್ ಕಾನ್‌ಸ್ಟೇಬಲ್ ಬೂತಪ್ಪ ಇನ್‌ಸ್ಟಿಟ್ಯೂಟಿಗೆ ಕಾಲಿಟ್ಟಾಗ ದೇವಕಿ ಬುತ್ತಿ ತಂದಿದ್ದಳು. ಕಮಲ ಕತ್ತರಿ ಹಿಡಿದುಕೊಂಡೇ ಬಾಗಿಲಿಗೆ ಬಂದಳು.

“ಇಲ್ಲಿ ರಘುಪತಿ ಅಂದ್ರೆ ಯಾರು?”

“ಹೌದು.”

“ಯಾರು ಅಂತ ಕೇಳಿದ್ದು ಮಾರಾಯ.”

“ಹೌದು, ನಾನೇ.”

ಬೂತಪ್ಪ ಮೂರು ಪ್ರಿಂಟುಗಳನ್ನು ಟೈಪ್‌ರೈಟರಿನ ಕವರ್ ಮೇಲೆ ಹರಡಿದ. ಸಂಗತಿ ಏನೆಂದರೆ, ಮುತ್ತಿನಕೊಪ್ಪದ ಸುಬ್ಬರಾಯನಿಗೆ ಹೋದ ವಾರ ನಿಶ್ಚಿತಾರ್ಥವಾಗಿತ್ತು. ಭಾವೀ ಮಾವ ಸುಮ್ಮನೆ ನೋಡಲೆಂದು ವೆಬ್‌ಸೈಟು ತೆರೆದರೆ, ಅಳಿಯ ಅಲ್ಲಿ ಇನ್ನೂ ಹೆಣ್ಣು ಹುಡುಕುತ್ತಿದ್ದ, ಅದೂ ಮೂರು ವಿಳಾಸದಿಂದ; ಮಾವ ದೂರು ಕೊಟ್ಟಿದ್ದರು. ಸಂಪರ್ಕಕ್ಕೆಂದು ಕೆಳಗೆ ಕೊಟ್ಟಿದ್ದು ರಘುಪತಿಯ ಇನ್‌ಸ್ಟಿಟ್ಯೂಟ್.

“ಒಬ್ನೇ ಮನುಷ್ಯ,” ಎಂದ ಬೂತಪ್ಪ ಬೆರಳಿಟ್ಟು ತೋರಿಸುತ್ತ. “ಇಲ್ಲಿ ಕೊಪ್ಪದಲ್ಲಿ ಹಿಟ್ಟಿನ ಗಿರಣಿ. ಇಲ್ಲಿ ಶೃಂಗೇರಿಯಲ್ಲಿ ಮೇಷ್ಟ್ರು. ಇಲ್ಲಿ ಮುತ್ತಿನಕೊಪ್ಪದಲ್ಲಿ ಗೊಬ್ಬರದ ಅಂಗಡಿ. ಗೋತ್ರ ಮೂರು, ನಕ್ಷತ್ರ ಮೂರು. ಅಪ್ಪನೂ ಮೂರು ಜನ! ನನ್ನ ಸರ್ವಿಸಲ್ಲಿ ಮೂರು ಹೆಂಡ್ತೀರು ಇರೋರ್ನ ನೋಡೀನಿ. ಮೂರು ಅಪ್ಪ ಇರೋರ್ನ ನೋಡಿಲ್ಲ.”

“ಹೌದು.”

“ಏನು ಹೌದು? ಮೋಸ ಮಾಡೋ ಉದ್ದೇಶ ಇತ್ತಾ?”

“ಹೌದು,” ಎಂದ ರಘುಪತಿ.

ಬೂತಪ್ಪ ಪೆನ್ನು ತೆಗೆದ. ದೇವಕಿ ಬುತ್ತಿಯನ್ನು ಕುಕ್ಕಿ ನಡುವೆ ಬಂದು ನಿಂತಳು. “ಇಲ್ಲ! ಇಲ್ಲ ಅಂತ ಬರ್‍ಕೊಳ್ಳಿ. ಇವ್ರ ಹೌದು ಹೌದಲ್ಲ. ಬೇರೆಯವ್ರು ಕೆಮ್ಮಿದ ಹಾಗೆ ಇವ್ರು ಹೌದು ಅಂತಾರೆ. ಬೇಕಾದ್ರೆ ನೀವೇ ನೋಡಿ. ಏನ್ರೀ, ನೀವು ಮನುಷ್ಯರಾ ಎಮ್ಮೆಯಾ?”

“ಹೌದು,” ಎಂದ ರಘುಪತಿ.

ಬೂತಪ್ಪ ಪೆನ್ನನ್ನು ಜೇಬಿಗೆ ಸೇರಿಸಿ ತಾನೇ ಶಿವಮೊಗ್ಗಕ್ಕೆ ಫೋನ್ ಹಚ್ಚಿದ. ಸಂದೇಶ ಆ ಕಡೆಯಿಂದ ಜೋರಾಗಿ ವಿವರಿಸಿದ್ದು ಎಲ್ಲರಿಗೂ ಕೇಳಿಸಿತು. ಒಂದೇ ಹೆಸರಿನ ಮೂರು ಫೈಲು ಕಳಿಸಿದ್ದಾರೆ. ನಂಬರ್ ಹಾಕಿಲ್ಲ. ರೀಪ್ಲೇಸ್ ಮಾಡಲೇ ಎಂದು ಕೇಳಿದ್ದಕ್ಕೆ ಹೌದು ಎಂದಿದ್ದಾರೆ. “ರೀಪ್ಲೇಸ್ ಅಂದ್ರೆ ಇದ್ದದ್ದನ್ನ ಅಳಿಸಿ ಅದ್ರ ಜಾಗದಲ್ಲಿ ಬೇರೆದನ್ನ ಇಡೋದು ಸರ್!”

ಬೂತಪ್ಪ ಗೋಡೆಯ ಫಲಕವನ್ನು ನೋಡಿದ. ಅವನೂ ಹುಡುಗನಾಗಿದ್ದಾಗ, ರಘುಪತಿಯ ಅಪ್ಪನ ಕಾಲದಲ್ಲಿ, ಇಲ್ಲಿಯೇ ಟೈಪಿಂಗ್ ಕಲಿತವನು. “ಹಾಗಾದ್ರೆ ಇದೆಂತದು? ದಿನಾ ಕವರ್ ಬಿಸಾಕಿ ಹೊಸಾ ಕವರ್ ಹಾಕ್ಬೇಕಿತ್ತಾ?”

ಬೂತಪ್ಪ ಮೂರು ಪ್ರಿಂಟನ್ನೂ ಮಡಿಸಿಕೊಂಡು, ಮುತ್ತಿನಕೊಪ್ಪದ ಬೀಗರಿಗೆ ತಾನೇ ತಿಳಿಸುವುದಾಗಿ ಹೇಳಿ ಹೋದ.

ಫೋಟೊ ಸರಿಯಾದದ್ದು ಒಂದು ಮಧ್ಯಾಹ್ನದಲ್ಲಿ. ರಘುಪತಿ ಈ ಸಲ ನಂಬರ್ ಹಾಕಿ, ಸುಬ್ಬರಾಯರನ್ನು ಬೇರೆಬೇರೆಯಾಗಿ ಕಳಿಸಿದ. ಮಾಣಿ ತನ್ನ ಬೋಳುತಲೆಯೊಂದಿಗೆ ತನ್ನ ವಿವರದ ಪಕ್ಕಕ್ಕೆ ಬಂದು ಕೂತ. ‘ಸುಮ್ಮನೆ ಕೂರುವುದು’ ಎಂಬ ಹವ್ಯಾಸಕ್ಕೂ ಆ ಮುಖಕ್ಕೂ ಈಗ ಸರಿಯಾಗಿ ಹೊಂದಿತು. ಒಂದು ತಪ್ಪು ಇಷ್ಟು ಸುಲಭವಾಗಿ ಸರಿಹೋಗುತ್ತದೆಂಬುದು ರಘುಪತಿಗೆ ಹೊಸದಾಗಿತ್ತು. ಅದೇ ಧೈರ್ಯದಲ್ಲಿ ಬಾಳೆಹೊನ್ನೂರಿಗೆ ಫೋನ್ ಮಾಡಲು ರಿಸೀವರ್ ಎತ್ತಲು ಹೋದಾಗ ಫೋನೇ ರಿಂಗಾಯಿತು.

“ಪೊಲೀಸ್ ವಿಷ್ಯ ಇಲ್ಲಿವರೆಗೆ ಬಂತು,” ಎಂದರು ಕೃಷ್ಣಪ್ಪಯ್ಯ. “ಫೋಟೊ ಯಾರ್‍ದೋ ಅಂತೆ. ಹರಕೆಯೂ ಸುಳ್ಳಾ ರಘುಪತಿಗಳೇ?”

“ಹೌದು,” ಎಂದ ರಘುಪತಿ. ಹರಕೆಯ ವಿಷಯದಲ್ಲಿ ಅವನು ಹೇಳಿದ ನಿಜವಾದ ಹೌದು ಅದೊಂದೇ.

“ನನ್ನ ಅಕ್ಕ ಪಾಪ, ಆ ಹುಡುಗನಿಗೆ ಕೈ ಮುಗಿದಿದ್ಲು. ಇನ್ನು ಕೂದ್ಲು ಬಂದ್ರೂ ನಾವು ಬರೂದಿಲ್ಲ,” ಎಂದು ಅವರು ಫೋನ್ ಇಟ್ಟರು.

ಮನೆಗೆ ಬಂದು ಹೇಳಿದಾಗ ದೇವಕಿ ಬೈಯಲಿಲ್ಲ. ಮದುವೆಯಾದಂದಿನಿಂದ ಬೈಸಿಕೊಂಡು ಬಂದ ರಘುಪತಿಗೆ ಅದನ್ನು ತಡೆದುಕೊಳ್ಳುವುದು ಹೇಗೆಂದು ತಿಳಿಯಲಿಲ್ಲ. ಅವಳು ಗರುಗದ ಎಣ್ಣೆಯ ಬಾಟಲಿಯನ್ನು ತೆಗೆದುಕೊಂಡು ಹೋಗಿ ಹಿತ್ತಿಲಲ್ಲಿ ಸುರಿದು ಬಂದಳು. ಒಂದೆರಡು ವಾರ ಕಳೆದರೂ ಅವಳ ಮಾತು ಮೊದಲಿನಂತಾಗಲಿಲ್ಲ. ಒಂದು ಬೆಳಿಗ್ಗೆ ರಘುಪತಿ ಯಾರೂ ಕೇಳದೆಯೇ ಬಾಳೆಹೊನ್ನೂರಿನ ಬಸ್ಸು ಹತ್ತಿದ.

ಶಾಲೆ ಬಿಡುವ ಹೊತ್ತಿಗೆ ಶ್ರೀವಿದ್ಯಾ ಗೇಟಿನ ಬಳಿ ಸಿಕ್ಕಳು. ಅವನನ್ನು ಗುರುತು ಹಿಡಿದು, ಮಕ್ಕಳೆಲ್ಲ ಹೋಗುವವರೆಗೆ ನಿಲ್ಲಿಸಿಕೊಂಡಳು. ರಘುಪತಿ ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಒಂದೇ ಉಸಿರಿಗೆ ಹೇಳಿದ: ಮೂವರು ಸುಬ್ಬರಾಯರು, ಹಾಕದ ನಂಬರು, ಗೋಡೆಯ ಫಲಕ, ಯೆಸ್ ಟು ಆಲ್. ಮಾಣಿಗೆ ಏನೂ ಗೊತ್ತಿರಲಿಲ್ಲ ಎಂದ.

ಗೋಡೆಯ ಫಲಕದ ಕತೆಗೆ ಅವಳ ತುಟಿಯಂಚಿನಲ್ಲಿ ಅಂದಿನ ನಗು ಒಮ್ಮೆ ಬಂದು ಹೋಯಿತು.

“ನಾನು ಮೀಸೆ ನೋಡಿ ಬಂದದ್ದಲ್ಲ,” ಎಂದಳು. “ಎಲ್ರೂ ಹವ್ಯಾಸ ಅಂದ್ರೆ ಸಂಗೀತ, ಪ್ರವಾಸ ಅಂತ ಹಾಕಿದ್ರು. ಇವ್ರೊಬ್ರು ಸುಮ್ನೆ ಕೂರ್ತೇನೆ ಅಂತ ಹಾಕಿದ್ರು. ಇಷ್ಟು ನಿಜ ಹೇಳೋರು ಯಾರಪ್ಪ ಅಂತ ನೋಡ್ಲಿಕ್ಕೆ ಬಂದೆ. ಬೋಳುತಲೆ ನೋಡಿ ನಂಗೇನೂ ಆಗ್ಲಿಲ್ಲ. ಹರಕೆ ಎಂತಕ್ಕೆ ಅಂತ ಕೇಳಿದೆ ನೋಡಿ, ಆಗ ‘ಭಾವನನ್ನೇ ಕೇಳ್ಬೇಕು’ ಅಂದ್ರು. ಇವ್ರೂ ಎಲ್ಲರ ಹಾಗೇ ಅಂದ್ಕೊಂಡೆ.”

“ಅವನು ನನ್ನ ಮರ್ಯಾದೆ ಉಳಿಸ್ಲಿಕ್ಕೆ ಹಾಗಂದ.”

“ಈಗ ಗೊತ್ತಾಯ್ತು.”

“ಹಾಗಾದ್ರೆ ಇನ್ನೊಂದ್ಸಲ...”

“ಹೋದ ಗುರುವಾರ ಬೇರೆ ಕಡೆ ಮಾತಾಯ್ತು.” ಅವಳು ಗೇಟಿನ ಚಿಲಕ ಹಾಕಿದಳು. “ಅವತ್ತು ಸಂಜೆನೇ ನೀವೊಂದು ಫೋನ್ ಮಾಡಿದ್ರೆ...”

ಬಸ್ಸು ಬರುವುದು ಕಂಡಾಗ, “ನನ್ನ ಫೋಟೊನೂ ಅದ್ರಲ್ಲಿ ಉಂಟು. ಇನ್ನು ಇರೂದು ಸರಿ ಅಲ್ಲ. ತೆಗೀತೀರಾ?” ಎಂದು ಕೇಳಿದಳು.

“ಹೌದು,” ಎಂದ ರಘುಪತಿ.

ಮರುದಿನ ಮಧ್ಯಾಹ್ನ ಮಾಣಿ ಗಿರಣಿಯಿಂದ ನೇರವಾಗಿ ಇನ್‌ಸ್ಟಿಟ್ಯೂಟಿಗೆ ಬಂದ. ಭಾವ ಬಾಳೆಹೊನ್ನೂರಿಗೆ ಹೋಗಿ ಬಂದದ್ದು ಕಮಲಳಿಂದ ಪೇಟೆಗೆಲ್ಲ ಗೊತ್ತಾಗಿತ್ತು. ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ಕೂತ. ಪರದೆಯ ಮೇಲೆ ಶ್ರೀವಿದ್ಯಾಳ ಮುಖವಿತ್ತು. ಸ್ಟುಡಿಯೊದವರು ನಗಬೇಡಿ ಎಂದಿರಬೇಕು, ನಗುವನ್ನು ತಡೆದುಕೊಂಡ ಮುಖ. ಅದರ ಮೇಲೆ ಒಂದು ಪ್ರಶ್ನೆ ತೆರೆದುಕೊಂಡಿತ್ತು. ಕೆಳಗೆ ಎರಡೇ ಗುಂಡಿ. ಎಲ್ಲದಕ್ಕೂ ಸೇರಿಸಿ ಉತ್ತರಿಸುವ ಸೌಕರ್ಯ ಇಲ್ಲಿ ಇರಲಿಲ್ಲ.

“ಎಂತ ಕೇಳ್ತಾ ಉಂಟು ಭಾವ?”

“ಅಳಿಸೂದು ಖಂಡಿತವಾ ಅಂತ ಕೇಳ್ತಾ ಉಂಟು.”

“ಹೌದು ಅನ್ನಿ.”

ರಘುಪತಿಯ ಹತ್ತು ಬೆರಳೂ ಕೀಲಿಮಣೆಯ ಮೇಲೆ ತಮ್ಮ ತಮ್ಮ ಜಾಗದಲ್ಲಿದ್ದವು. ಒಂದೂ ಅಲುಗಲಿಲ್ಲ.

“ಅವ್ರಿಗೆ ಮಾತು ಕೊಟ್ಟು ಬಂದಿದ್ದೀರಲ್ಲ,” ಎಂದ ಮಾಣಿ. ಇನ್ನೂ ತುಸು ಹೊತ್ತು ಕಾದ. ಆಮೇಲೆ ಕೈ ಚಾಚಿ, ಭಾವನ ಕಿರುಬೆರಳಿನ ಪಕ್ಕದಲ್ಲಿದ್ದ ಎಂಟರ್ ಕೀಲಿಯನ್ನು ತಾನೇ ಒತ್ತಿದ. ಪರದೆಯಲ್ಲಿ ಮುಖ ಇದ್ದ ಕಡೆ ಬಿಳಿ ಜಾಗ ಉಳಿಯಿತು.

“ರಾಗಿ ಹಾಕಿ ಬಂದಿದ್ದೇನೆ. ಜನ ಕಾಯ್ತಿರ್ತಾರೆ,” ಎಂದು ಎದ್ದು ಹೋದ.

ಬುತ್ತಿ ಪಾತ್ರೆ ತೆಗೆದುಕೊಂಡು ಹೋಗಲು ಬಂದ ದೇವಕಿ ಮೇಜಿನ ಧೂಳು ಹೊಡೆಯಲು ಬಟ್ಟೆ ತೆಗೆದುಕೊಂಡಳು. ಎಂಟರ್ ಕೀಲಿಯ ಮೇಲೆ ಹಿಟ್ಟಿನ ಬೆರಳಚ್ಚು ಎದ್ದು ಕಾಣುತ್ತಿತ್ತು.

“ಇದ್ರ ಮೇಲೆ ಹಿಟ್ಟು ಉಂಟಲ್ರಿ. ಒರೆಸ್ಲಾ?”

“ಬೇಡ,” ಎಂದ ರಘುಪತಿ.

ದೇವಕಿ ಬಟ್ಟೆ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಅವನ ಮುಖ ನೋಡಿದಳು. ಅವನು ಎದ್ದು, ರೆಕ್ಸಿನ್ ಕವರನ್ನು ಎರಡು ಕೈಯಲ್ಲಿ ಬಿಡಿಸಿ, ಕೀಲಿಗಳಿಗೆ ತಾಗದ ಹಾಗೆ ಮೆಲ್ಲಗೆ ಮೊದಲಿದ್ದ ಜಾಗಕ್ಕೆ ಹೊದಿಸಿದ.